ವಾಟರ್ಲೂ ಸೈನ್ಯಕ್ಕೆ ಯಾವ ಗೊಂಬೆ? ಮೆತ್ತನೆ ಪ್ಲಾಸ್ಟಿಕ್, ಲೋಹ, ರೆಸಿನ್, ಗಟ್ಟಿ ಪ್ಲಾಸ್ಟಿಕ್

ಪುಟ್ಟ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಹಳೇ ಯುದ್ಧಗಳನ್ನು ಆಡುವ ಹವ್ಯಾಸ ನನ್ನದು. ಈಗ ಆಡುತ್ತಿರುವುದು 1815ರಲ್ಲಿ ನೆಪೋಲಿಯನ್ ಸೋತ ವಾಟರ್ಲೂ ಯುದ್ಧ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 28 ಮಿಲಿಮೀಟರ್ ಎತ್ತರದ ಗಟ್ಟಿ ಪ್ಲಾಸ್ಟಿಕ್‌ಗೆ. ಮೆತ್ತನೆ ಪ್ಲಾಸ್ಟಿಕ್, ಲೋಹ, ರೆಸಿನ್ ಎಲ್ಲಕ್ಕೂ ನಾನೇ ಬಣ್ಣ ಹಚ್ಚಿದ್ದೇನೆ, ಮೇಜಿನ ಮೇಲೆ ಆಡಿದ್ದೇನೆ, ತುಮಕೂರಿನಿಂದ ಮಧುಗಿರಿಗೆ ಬಸ್ಸಲ್ಲಿ ಹೊತ್ತುಕೊಂಡು ಹೋಗಿದ್ದೇನೆ. ಬಸ್ಸಿನ ಮಾತು ಯಾಕೆ ಬಂತು ಅಂದರೆ ನನ್ನ ಎದುರಾಳಿ ಇರುವುದು ಅಲ್ಲಿ. ಫ್ರೆಂಚ್ ಸೈನ್ಯ ಅವನದು, ಬ್ರಿಟಿಷ್ ಸೈನ್ಯ ನನ್ನದು. ಆಟ ನಡೆಯುವುದು ಅವನ ಮನೆಯಲ್ಲೇ, ಆರಡಿ ನಾಲ್ಕಡಿ ಪ್ಲೈವುಡ್ ಹಾಸುವಷ್ಟು ಜಾಗ ಇರುವುದು ಅವನ ಹಾಲ್‌ನಲ್ಲಿ ಮಾತ್ರ. ಕೊರಟಗೆರೆ ದಾರಿಯ ಹಂಪ್‌ಗಳನ್ನೆಲ್ಲ ದಾಟಿ ಬಂದೂಕು ಮುರಿಯದೆ ತಲುಪುವ ಗೊಂಬೆ ಯಾವುದು ಅನ್ನೋದು ನನಗೆ ದೊಡ್ಡ ವಿಷಯ.

ನಾನು ಕಟ್ಟುತ್ತಿರುವುದು 1815ರ 33ನೇ ರೆಜಿಮೆಂಟ್. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಇದೇ ರೆಜಿಮೆಂಟ್ ಇತ್ತು, ಅದರ ಜೊತೆ ಆರ್ಥರ್ ವೆಲ್ಲೆಸ್ಲಿಯೂ ಇದ್ದ. ಹದಿನಾರು ವರ್ಷ ಆದ ಮೇಲೆ ಅವನೇ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನಿಂತಾಗ ಅವನ ಕೈಕೆಳಗಿನ ಜನರಲ್ ಹಾಲ್ಕೆಟ್‌ನ ಬ್ರಿಗೇಡ್‌ನಲ್ಲಿ ಮತ್ತೆ ಇದೇ 33. ನಮ್ಮ ಮೇಲೆ ದಂಡೆತ್ತಿ ಬಂದವರೇ ಹೌದು. ಆದರೆ ಶ್ರೀರಂಗಪಟ್ಟಣದ ಕೋಟೆ ಗೋಡೆ ನೋಡಿ ಬಂದವನಿಗೆ ವಾಟರ್ಲೂ ಅನ್ನುವುದು ಎಲ್ಲೋ ದೂರದ ಕಥೆ ಅನ್ನಿಸದ ಹಾಗೆ ಮಾಡುವ ಪಡೆ ಇದು. ಇನ್ನೊಂದು ಲಾಭವೂ ಇದೆ. ಬ್ರಿಟಿಷರಲ್ಲಿ ಒಂದೊಂದು ರೆಜಿಮೆಂಟಿನ ಕಾಲರ್‌ಗೆ, ತೋಳಿನ ಪಟ್ಟಿಗೆ ಒಂದೊಂದು ಬಣ್ಣ. 33ಕ್ಕೆ ಅದೂ ಕೆಂಪೇ, ಕೋಟಿನ ಬಣ್ಣವೇ. ಒಂದು ಬಾಟಲಿ ಪೇಂಟ್ ಉಳಿಯಿತು, ಗೆರೆ ಆಚೀಚೆ ಹೋಗುವ ತಲೆನೋವೂ ತಪ್ಪಿತು.

ಈಗ ಮೆತ್ತನೆ ಪ್ಲಾಸ್ಟಿಕ್. 1/72 ಅಳತೆ, ಅಂದರೆ ಆಳು ಸುಮಾರು 24 ಮಿಲಿಮೀಟರ್ ಎತ್ತರ. ಕಂಪನಿಯ ಹೆಸರು ಬೇಡ, ತೊಂದರೆ ಇರುವುದು ಆ ಪ್ಲಾಸ್ಟಿಕ್ಕಿನ ಗುಣದಲ್ಲೇ. ದುಡ್ಡು ಮಾತ್ರ ಗಟ್ಟಿ ಪ್ಲಾಸ್ಟಿಕ್‌ಗೆ ಕೊಟ್ಟಿದ್ದರ ಅರ್ಧಕ್ಕಿಂತ ಕಮ್ಮಿ ಆಯಿತು. ಪೆಟ್ಟಿಗೆ ಬಿಚ್ಚಿದಾಗ ಮುಖ, ಬೆನ್ನಿನ ಚೀಲ, ಗುಂಡಿ ಎಲ್ಲ ಚೆನ್ನಾಗೇ ಕಂಡವು. ಬಣ್ಣ ಹಚ್ಚಿದ ಮೇಲೂ ಚೆನ್ನಾಗಿದ್ದವು. ಡಬ್ಬದಲ್ಲಿಟ್ಟು ಮಧುಗಿರಿಗೆ ಹೋಗಿ ತೆಗೆದು ನೋಡಿದರೆ ಬಯೊನೆಟ್‌ಗಳ, ಅಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿಗಳ ತುದಿಯಲ್ಲಿ ಬಣ್ಣವೇ ಇಲ್ಲ! ಬಂದೂಕಿನ ನಳಿಕೆಯ ಮೇಲಿನ ಬಣ್ಣ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದು ಡಬ್ಬದ ತಳದಲ್ಲಿ ಬಿದ್ದಿತ್ತು, ಒಳಗಿನ ಬೂದು ಪ್ಲಾಸ್ಟಿಕ್ ಕಾಣುತ್ತಿತ್ತು.

ಕಾರಣ ಇಷ್ಟೇ. ಇದು ಪಾಲಿಥೀನ್ ಜಾತಿಯ ಪ್ಲಾಸ್ಟಿಕ್, ಬಾಗುತ್ತದೆ. ಮೇಲ್ಮೈ ಜಿಡ್ಡು ಜಿಡ್ಡು, ಬಣ್ಣ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಣಗಿದ ಬಣ್ಣ ಪ್ಲಾಸ್ಟಿಕ್ಕಿನ ಜೊತೆ ಬಾಗುವುದೂ ಇಲ್ಲ. ಬಂದೂಕಿಗೆ ಬೆರಳು ತಗುಲಿದರೆ ಸಾಕು, ಅದು ಬಾಗುತ್ತದೆ, ಬಣ್ಣ ಬಿರುಕು ಬಿಡುತ್ತದೆ. ಸುಮ್ನೆ ಬಿಡಬಾರದು ಅಂತ ಎಲ್ಲ ಉಪಾಯ ಮಾಡಿದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ ತೊಳೆದು, ಒಂದು ರಾತ್ರಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಹಚ್ಚಿ, ಅದರ ಮೇಲೆ ಪ್ರೈಮರ್, ಅದರ ಮೇಲೆ ಅಕ್ರಿಲಿಕ್, ಕೊನೆಗೆ ವಾರ್ನಿಷ್. ಎದೆ, ಬೆನ್ನು, ಟೋಪಿಯ ಮೇಲೆ ಬಣ್ಣ ಭದ್ರವಾಗಿ ಕೂತಿತು, ಅದನ್ನು ಒಪ್ಪಬೇಕು. ಬಯೊನೆಟ್ ಮತ್ತೆ ಉದುರಿತು. ಜೊತೆಗೆ ಫೆವಿಕಾಲ್ ಪದರ ಹೋಗಿ ಗುಂಡಿಗಳ ಸಂದಿಯಲ್ಲಿ ಕೂತು, ನಾನು ಮೆಚ್ಚಿದ್ದ ಕೆತ್ತನೆಯೇ ಮಬ್ಬಾಯಿತು.

ಸೊಟ್ಟಗಾದ ಬಂದೂಕಿಗೆ ಮದ್ದಿದೆ. ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಚಿಮಟದಲ್ಲಿ ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಆದರೆ ಇದನ್ನು ಬಣ್ಣ ಹಚ್ಚುವ ಮೊದಲೇ ಮಾಡಬೇಕು. ಅಚ್ಚಿನ ಎರಡು ಭಾಗ ಕೂಡುವಲ್ಲಿ ಉಳಿಯುವ ಗೆರೆಯನ್ನು ಬ್ಲೇಡಿನಲ್ಲಿ ಕೆರೆಯಲು ಹೋದರೆ ನಾರು ನಾರಾಗಿ ಏಳುತ್ತದೆ. ಫೆವಿಕ್ವಿಕ್ ಕೂಡ ನಿಲ್ಲುವುದಿಲ್ಲ, ಅಧಿಕಾರಿಯನ್ನು ಕುದುರೆಗೆ ಅಂಟಿಸಿದರೆ ಮುಟ್ಟಿದ ಕೂಡಲೇ ಕೆಳಗೆ. ಮತ್ತೆ ಭಂಗಿಗಳ ವಿಷಯ: ಮೊಣಕಾಲೂರಿ ಗುಂಡು ಹಾರಿಸುವವ, ಬಂದೂಕಿನ ಹಿಡಿಯಲ್ಲಿ ಹೊಡೆಯುವವ, ಗಾಯಗೊಂಡು ಬಿದ್ದವ ಬೇಕಾದಷ್ಟು. ಸಾಲಾಗಿ ಹೆಜ್ಜೆ ಹಾಕುವವರು ಬೆರಳೆಣಿಕೆಯಷ್ಟು. ನಮ್ಮ ಆಟದಲ್ಲಿ ಒಂದು ಬೆಟಾಲಿಯನ್‌ಗೆ 24 ಆಳು, ಒಂದೇ ಸಾಲಲ್ಲಿ ನೆಟ್ಟಗೆ ನಿಂತರೇ ಚೆಂದ. ಅದಕ್ಕಾಗಿ ಇನ್ನೊಂದು ಪೆಟ್ಟಿಗೆ ತರಿಸಬೇಕು ಅಂದರೆ ಉಳಿದ ದುಡ್ಡು ಅಲ್ಲಿಗೆ ಹೋಯಿತು, ಅಲ್ವಾ?

ಲೋಹದ ಗೊಂಬೆ ನೋಡಲು ಎಲ್ಲಕ್ಕಿಂತ ಚೆಂದ. ಕೈಯಲ್ಲಿ ಹಿಡಿದರೆ ಬರುವ ಆ ತೂಕದ ಸುಖ ಪ್ಲಾಸ್ಟಿಕ್‌ನಲ್ಲಿ ಬರುವುದಿಲ್ಲ. ಪ್ರೈಮರ್ ಸರಿಯಾಗಿ ಹೊಡೆದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಬರುವುದು ಲೆಕ್ಕ ಹಾಕುವಾಗ. ಒಂದೊಂದು ಆಳಿಗೆ ಪ್ಲಾಸ್ಟಿಕ್ಕಿನ ಎರಡು ಮೂರು ಪಟ್ಟು ಬೀಳುತ್ತದೆ, ಪಾರ್ಸಲ್ ಭಾರವಾದಷ್ಟೂ ಸಾಗಣೆ ಖರ್ಚು ಏರುತ್ತದೆ, ಅದರ ಮೇಲೆ ಕಸ್ಟಮ್ಸ್ ಸುಂಕ. ಬಸ್ಸಲ್ಲಿ ಒಂದಕ್ಕೊಂದು ತಗುಲಿದರೆ ಆ ತೂಕಕ್ಕೇ ಟೋಪಿಯ ಅಂಚಿನ ಬಣ್ಣ ಕೀಳುತ್ತದೆ. ಬಯೊನೆಟ್ ಒಂದು ಸಲ ಬಾಗಿದರೆ ತಿದ್ದಬಹುದು, ಮತ್ತೆ ಮತ್ತೆ ತಿದ್ದಿದರೆ ಪಟ್ ಅಂತ ಮುರಿಯುತ್ತದೆ. ಹಾಗಾಗಿ ಲೋಹ ಸೇನಾಪತಿಗಳಿಗೆ ಮಾತ್ರ ಅಂತ ಇಟ್ಟುಕೊಂಡಿದ್ದೇನೆ. ವೆಲ್ಲಿಂಗ್ಟನ್ ತನ್ನ ಕಂದು ಕುದುರೆ ಕೋಪನ್‌ಹೇಗನ್ ಮೇಲೆ, ಪಕ್ಕದಲ್ಲಿ ಸಾದಾ ಬಟ್ಟೆಯಲ್ಲಿ ಅವನ ಜನರಲ್ ಪಿಕ್ಟನ್. ಪಿಕ್ಟನ್ ವಾಟರ್ಲೂನಲ್ಲೇ ಸತ್ತ. ಅವನನ್ನು ಮೇಜಿನ ಮೇಲೆ ಇಡುವಾಗ ಪ್ರತಿ ಸಲವೂ ಅದು ನೆನಪಾಗುತ್ತದೆ, ಅವನಿಗೆ ಒಂದು ಒಳ್ಳೆ ಗೊಂಬೆ ಕೊಡಲೇಬೇಕು ಅನ್ನಿಸುತ್ತದೆ.

ರೆಸಿನ್ ಗೊಂಬೆಯನ್ನು 3D ಪ್ರಿಂಟರ್‌ನಲ್ಲಿ ಬೆಂಗಳೂರಿನಲ್ಲೇ ಮಾಡಿಸಬಹುದು, ಕಸ್ಟಮ್ಸ್ ಗೋಳಿಲ್ಲ. ಕಣ್ಣಿನ ರೆಪ್ಪೆವರೆಗೂ ಕೆತ್ತನೆ ಕಾಣುತ್ತದೆ. ಆದರೆ ನಾನು ಮಾಡಿಸಿದ್ದು ಬಿಸ್ಕತ್ತಿಗಿಂತ ಬೇಗ ಮುರಿಯಿತು, ಮಧುಗಿರಿ ತಲುಪುವಷ್ಟರಲ್ಲಿ ಅರ್ಧ ಪಡೆಗೆ ಬಯೊನೆಟ್ ಇರಲಿಲ್ಲ.

6 ಮಿಲಿಮೀಟರಿನ ಪುಟಾಣಿಗಳು ಇಡೀ ವಾಟರ್ಲೂ ರಣರಂಗವನ್ನೇ ಒಂದು ಮೇಜಿಗೆ ತರಬೇಕು ಅನ್ನುವವರಿಗೆ ಸರಿ. ನನಗೆ ಆಳಿನ ಮುಖ ಕಾಣಬೇಕು.

ಇನ್ನು ನನ್ನ ಗಟ್ಟಿ ಪ್ಲಾಸ್ಟಿಕ್. ನಾನು ತೊಗೊಂಡದ್ದು ಪೆರಿ ಮಿನಿಯೇಚರ್ಸ್‌ನವರದು, ಇಂಗ್ಲೆಂಡಿನ ಅವಳಿ ಅಣ್ಣತಮ್ಮಂದಿರು ಅಲನ್ ಮತ್ತು ಮೈಕೆಲ್ ಪೆರಿ ನಡೆಸುವ ಕಂಪನಿ. ಬ್ರಿಟಿಷ್ ಕಾಲಾಳು ಪೆಟ್ಟಿಗೆಯಲ್ಲಿ 40 ಜನ, ಅದರಲ್ಲಿ ನಾಲ್ವರು ಹಸಿರು ಕೋಟಿನ ರೈಫಲ್‌ನವರು. 24 ಆಳು ಬೆಟಾಲಿಯನ್‌ಗೆ ಹೋದ ಮೇಲೂ ಮುಂದಿನ ಬೆಟಾಲಿಯನ್ ಅರ್ಧ ಆದ ಹಾಗೇ. ಇದು ಪಾಲಿಸ್ಟೈರೀನ್. ಪ್ಲಾಸ್ಟಿಕ್ ಸಿಮೆಂಟ್ ಒಂದು ತೊಟ್ಟು ಹಚ್ಚಿದರೆ ಎರಡೂ ಕಡೆ ಕರಗಿ ಒಂದಾಗುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ. ಅಚ್ಚಿನ ಗೆರೆ ಬ್ಲೇಡಿಗೆ ನುಣ್ಣಗೆ ಹೋಗುತ್ತದೆ. ಮುಖ್ಯವಾಗಿ, ಬಯೊನೆಟ್ ಮೇಲಿನ ಬೆಳ್ಳಿ ಬಣ್ಣ ಎಷ್ಟೋ ಆಟ ಆದ ಮೇಲೂ ಹಾಗೇ ಇದೆ. ಇನ್ನೊಂದು ಕಂಪನಿಯದ್ದೂ ನೋಡಿದೆ, ಅದರಲ್ಲಿ ಕೈ, ತಲೆ, ಚೀಲ ಎಲ್ಲ ಬೇರೆ ಬೇರೆ. ಜೋಡಿಸುವ ಕೆಲಸವನ್ನೇ ಇಷ್ಟಪಡುವವರಿಗೆ ಅದು ಹಬ್ಬ. ನಾನು ಕೆಲಸದಿಂದ ಬಂದು, ಊಟ ಮುಗಿಸಿ, ರಾತ್ರಿ ಒಂದು ಗಂಟೆ ಹೊತ್ತು ಕೂರುವವನು. ಆ ಹೊತ್ತೆಲ್ಲ ಬಣ್ಣಕ್ಕೇ ಬೇಕು.

ಪ್ರೈಮರ್ ಬಗ್ಗೆ ಒಂದು ಮಾತು. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ತಾರಸಿಗೆ ಹೋಗಿ ಸ್ಪ್ರೇ ಹೊಡೆಯಬೇಡಿ. ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಮರಳು ಎರಚಿದ ಹಾಗೆ ತರಿತರಿಯಾಗಿ ಕೂರುತ್ತದೆ. ಬೆಳಗ್ಗೆ ಎಂಟರೊಳಗೆ, ಗಾಳಿ ಇಲ್ಲದಾಗ, ರಟ್ಟಿನ ಡಬ್ಬದೊಳಗೆ ಇಟ್ಟು ಹೊಡೆಯಿರಿ. ಕೆಂಪಿಗೆ ಕಂದು ಪ್ರೈಮರ್ ಆದರೆ ಒಳ್ಳೆಯದು, ಸಾಮಾನ್ಯ ಸಿಪಾಯಿಯ ಕೋಟು ಇಟ್ಟಿಗೆ ಕೆಂಪು ತಾನೇ, ಅಧಿಕಾರಿಗೆ ಮಾತ್ರ ಉಜ್ವಲ ಕೆಂಪು.

ಸಾಗಿಸಲು ನಾನು ಗೊಂಬೆ ನಿಲ್ಲುವ ಬೇಸಿನ ಕೆಳಗೆ ತೆಳ್ಳನೆ ಮ್ಯಾಗ್ನೆಟ್ ಶೀಟ್ ಅಂಟಿಸಿ, ಡಬ್ಬದಲ್ಲಿ ನಿಲ್ಲಿಸುತ್ತೇನೆ. ಹಗುರ ಪ್ಲಾಸ್ಟಿಕ್ ಆದ್ದರಿಂದ ಅಷ್ಟೇ ಸಾಕು, ಲೋಹದ ಕುದುರೆಯಾದರೆ ವಾಲಿ ಬೀಳುತ್ತದೆ. ಡಬ್ಬ ಕೊಳ್ಳುವಾಗ ಒಂದು ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡು ಹೋಗಿ, ಅಡುಗೆಮನೆಯ ಎಲ್ಲ ಸ್ಟೀಲ್ ಡಬ್ಬಕ್ಕೂ ಅದು ಹಿಡಿಯುವುದಿಲ್ಲ. ಹಳೇ ತಗಡಿನ ಬಿಸ್ಕತ್ ಡಬ್ಬ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಮನೆಯಲ್ಲೇ ಮಕ್ಕಳ ಜೊತೆ ಆಡುವುದಾದರೆ, ಬಣ್ಣದ ಗೋಜು ಬೇಡ ಅನ್ನುವುದಾದರೆ, ಮೆತ್ತನೆ ಪ್ಲಾಸ್ಟಿಕ್ಕೇ ತೊಗೊಳ್ಳಿ, ಕಾಲಡಿ ಸಿಕ್ಕರೂ ಮುರಿಯುವುದಿಲ್ಲ. ಇಲ್ಲವಾದರೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದೇ ಒಂದು ಪೆಟ್ಟಿಗೆ ತರಿಸಿ, ನಿಮ್ಮ ಎದುರಾಳಿ ಯಾವ ಅಳತೆಯವನು ಅಂತ ಮೊದಲು ಕೇಳಿಕೊಂಡು. 28ರ ಪಕ್ಕ 1/72 ನಿಲ್ಲಿಸಿದರೆ ಹಿರಿಯರ ಪಕ್ಕ ಹುಡುಗರು ನಿಂತಂತೆ ಕಾಣುತ್ತದೆ. ಸಾಧ್ಯವಾದರೆ ಇಬ್ಬರೂ ಸೇರಿ ಒಂದೇ ಪಾರ್ಸಲ್‌ನಲ್ಲಿ ತರಿಸಿ, ಸಾಗಣೆ ಖರ್ಚು ಅರ್ಧ ಅರ್ಧ ಆಗುತ್ತದೆ. ನಾವು ಈಗ ಹಾಗೇ ಮಾಡುತ್ತಿದ್ದೇವೆ.