ಜ್ಯಾಗರಿ ಅಂದ್ರೆ ಬೆಲ್ಲ, ಸರಿ. ಆ ಪದ ಎಲ್ಲಿಂದ ಬಂತು?

ಪಾಯಸಕ್ಕೆ ಅಚ್ಚು ಬೆಲ್ಲ ಕುಟ್ಟುತ್ತಿದ್ದೆ. ಏಳನೇ ಕ್ಲಾಸಿನ ಅಕ್ಕನ ಮಗಳು ಬಂದು, "ಚಿಕ್ಕಮ್ಮ, ಇದಕ್ಕೆ ಇಂಗ್ಲಿಷಲ್ಲಿ ಜ್ಯಾಗರಿ ಅಂತ ಯಾಕೆ ಹೇಳ್ತಾರೆ?" ಅಂದಳು. ವರ್ಷದ ಚಂದಾ ಕಟ್ಟಿದ್ದ 'ದಿನಕ್ಕೊಂದು ಪದ' ಆ್ಯಪ್ ತೆಗೆದೆ, ಹೆಸರು ಬೇಡ ಬಿಡಿ. ಕಂದು ಬಣ್ಣದ ಭಾರತೀಯ ಸಕ್ಕರೆ, ಅಷ್ಟೇ ಇತ್ತು. ಅದು ನನಗೂ ಗೊತ್ತು ಮಾರಾಯ್ರೆ, ಕೈಯಲ್ಲೇ ಇದೆಯಲ್ಲ!

ಆಮೇಲೆ ಎಟಿಮ್‌ಆನ್‌ಲೈನ್ ತೆರೆದೆವು. ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು ಅಂತ ಹೇಳುವ ಜಾಲತಾಣ ಅದು, ಪೂರ್ತಿ ಹೆಸರು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಅಮೆರಿಕದ ಡಗ್ಲಸ್ ಹಾರ್ಪರ್ ಎಂಬವರು ಕಟ್ಟಿದ್ದು, ಓದಲು ದುಡ್ಡು ಕೊಡಬೇಕಿಲ್ಲ. ಜ್ಯಾಗರಿ ಇಂಗ್ಲಿಷಿಗೆ ಹೋಗಿದ್ದು 16ನೇ ಶತಮಾನದ ಕೊನೆಯಲ್ಲಂತೆ, ಪೋರ್ಚುಗೀಸರ 'ಜಾಗರ'ದಿಂದ. ಅವರು ಅದನ್ನು ಎತ್ತಿಕೊಂಡಿದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ, ಮಲಯಾಳದ ಚಕ್ಕರ ಅಥವಾ ಕನ್ನಡದ ಶರ್ಕರೆ ಇರಬೇಕು ಅನ್ನುತ್ತಾರೆ. ಹಿಂದೆ ಇರುವುದು ಸಂಸ್ಕೃತದ ಶರ್ಕರಾ. ಅಲ್ಲೇ 'ಶುಗರ್' ನೋಡಿ ಅಂತ ಲಿಂಕು. ಒತ್ತಿದರೆ ಅದೂ ಶರ್ಕರಾನೇ! ಒಂದು ಪರ್ಷಿಯನ್, ಅರಬ್ಬಿ, ಲ್ಯಾಟಿನ್, ಫ್ರೆಂಚ್ ಅಂತ ಊರೂರು ಸುತ್ತಿ ಇಂಗ್ಲಿಷ್ ಸೇರಿತು, ಇನ್ನೊಂದು ಪೋರ್ಚುಗೀಸರ ಹಡಗು ಹತ್ತಿತು. ನಮ್ಮ ಸಕ್ಕರೆಯೂ ಅದೇ ಮನೆಯದು. ಅಂದರೆ ಇಂಗ್ಲಿಷಿನವರು ನಮ್ಮ ಬೆಲ್ಲಕ್ಕೆ ಇಟ್ಟ ಹೆಸರು ಅಸಲಿಗೆ ಸಕ್ಕರೆ! ಶರ್ಕರಾ ಅಂದರೆ ಮೊದಲು ಮರಳು, ಸಣ್ಣ ಕಲ್ಲು ಅಂತ ಅರ್ಥ ಇತ್ತು. ಹಾಗಾದ್ರೆ ಕಲ್ಲುಸಕ್ಕರೆ ಅಂದಾಗ ಕಲ್ಲನ್ನು ಎರಡು ಸಲ ಹೇಳ್ತೀವಿ ಅಲ್ವಾ?

ಎಟಿಮ್‌ಆನ್‌ಲೈನ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಯಾಕೆ ಅಂದರೆ, ಪದವನ್ನು ವಾಕ್ಯದಲ್ಲಿ ಹೇಗೆ ಬಳಸಬೇಕು ಅಂತ ಇಲ್ಲಿ ಕಲಿಯೋಕಾಗಲ್ಲ, ಅದಕ್ಕೆ ಬೇರೆ ನಿಘಂಟು ಬೇಕು. ಭಾಷೆಯೂ ಮಕ್ಕಳಿಗೆ ಸ್ವಲ್ಪ ಗಟ್ಟಿ, ದೊಡ್ಡವರು ಪಕ್ಕದಲ್ಲಿರಬೇಕು. ಪದಗಳ ಕೆಲವು ಬೇರುಗಳ ಶುರುವಿನಲ್ಲಿ ನಕ್ಷತ್ರ ಚಿಹ್ನೆ (*) ಇರುತ್ತದೆ. ಅವು ಯಾವ ಬರಹದಲ್ಲೂ ಸಿಕ್ಕಿಲ್ಲ, ಪಂಡಿತರು ಉಳಿದ ಭಾಷೆಗಳನ್ನು ಹೋಲಿಸಿ ಊಹಿಸಿದ ರೂಪಗಳು. ಪದದ ಜೊತೆ ಇರುವ ಇಸವಿಯೂ ಅಷ್ಟೇ. ಬರಹದಲ್ಲಿ ಮೊದಲು ಕಂಡ ಕಾಲ ಅದು, ಜನ ಅದಕ್ಕೂ ಮೊದಲೇ ಆಡುತ್ತಿದ್ದಿರಬಹುದು.

ಅಷ್ಟರಲ್ಲಿ ಇವಳೇ ಫೋನ್ ಕಿತ್ತುಕೊಂಡು 'ಗನ್ನಿ ಬ್ಯಾಗ್' ಹುಡುಕಿದಳು. ನಮ್ಮ ಗೋಣಿಚೀಲದ ಗೋಣಿಯೇ! ಆಮೇಲೆ 'ಕ್ಯಾಂಡಿ', ಅದು ಸಂಸ್ಕೃತದ ಖಂಡ, ಅಂದರೆ ತುಂಡು. ಪಾಯಸಕ್ಕೆ ಬೆಲ್ಲ ಬೀಳುವಾಗ ಅರ್ಧ ಗಂಟೆ ತಡ.