ಸರಸ್ವತಿಪುರಂನ ಭಾನುವಾರದ ರೀಸನಿಂಗ್ ಕ್ಲಾಸು

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಮೈಸೂರಿನಲ್ಲಿ ಕೋಚಿಂಗ್‌ಗೇನೂ ಬರವಿಲ್ಲ. ಆದರೆ ಕೊಟ್ಟ ಹೇಳಿಕೆಗಳಿಂದ ಯಾವ ತೀರ್ಮಾನ ಬರುತ್ತದೆ ಅಂತ ಕೇಳುವ 'ಹೇಳಿಕೆ ಮತ್ತು ತೀರ್ಮಾನ'ದ ಪ್ರಶ್ನೆಗಳನ್ನು ನಿಧಾನವಾಗಿ, ಬುಡದಿಂದ ಬಿಡಿಸಿ ಹೇಳುವ ಕ್ಲಾಸು ನನಗೆ ಸಿಕ್ಕಿದ್ದು ಇದೊಂದೇ. ಸರಸ್ವತಿಪುರಂನಲ್ಲಿ, ಫೈರ್ ಬ್ರಿಗೇಡ್ ಹತ್ತಿರದ ಒಂದು ಮನೆಯ ಮಹಡಿ ಮೇಲೆ ನಡೆಯುತ್ತದೆ. ಬೋರ್ಡು ಹಾಕಿಲ್ಲ, ಹೆಸರೂ ಇಟ್ಟಿಲ್ಲ. ಬರುವವರೆಲ್ಲ 'ಮೇಡಂ ಕ್ಲಾಸು' ಅಂತಾರೆ. ಮೇಡಂ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ. ತಿಂಗಳಿಗೆ 600 ರೂಪಾಯಿ.

ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯವಳು. ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಓದುತ್ತಿದ್ದೇನೆ. ಮೊದಲ ಹಂತದ ಪರೀಕ್ಷೆ, ಅಂದರೆ ಪ್ರಿಲಿಮ್ಸ್‌ನಲ್ಲಿ 80 ಪ್ರಶ್ನೆ. ಅದರಲ್ಲಿ ಅರ್ಧ, ಅಂದರೆ 40, ರೀಸನಿಂಗ್ (ತರ್ಕದ ಪ್ರಶ್ನೆ). ಕನ್ನಡದಲ್ಲೇ ಬರೆಯಬಹುದು, ಅದು ನಮ್ಮಂಥವರಿಗೆ ದೊಡ್ಡ ಅನುಕೂಲ. ಆದರೆ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಸುಮ್ನೆ ಅಂದಾಜಿನ ಮೇಲೆ ಗುರುತು ಹಾಕುವ ಹಾಗಿಲ್ಲ.

ಇದಕ್ಕೆ ಮೊದಲು ಇನ್ನೊಂದು ಕಡೆ ಸೇರಿದ್ದೆ. ಅಲ್ಲಿ ಮೊದಲ ದಿನವೇ ಒಂದು ಚಾರ್ಟು ಕೊಟ್ಟರು. 'ಎಲ್ಲಾ' ಅನ್ನುವ ಹೇಳಿಕೆ ಆದಮೇಲೆ 'ಕೆಲವು' ಅನ್ನುವ ಹೇಳಿಕೆ ಬಂದರೆ ತೀರ್ಮಾನ ಇಲ್ಲ, 'ಕೆಲವು' ಆದಮೇಲೆ 'ಎಲ್ಲಾ' ಬಂದರೆ ತೀರ್ಮಾನವೂ 'ಕೆಲವು'. ಹೀಗೇ ಉದ್ದಕ್ಕೆ. ಯಾಕೆ ಅಂತ ಕೇಳಿದರೆ "ಬಾಯಿಪಾಠ ಮಾಡ್ಕೊಳಮ್ಮಾ, ಟೈಮಿಲ್ಲ" ಅಂದರು. ಚಾರ್ಟಿನಲ್ಲಿ ಇದ್ದದ್ದೆಲ್ಲ ಸರಿಯೇ. ಆದರೆ ಪ್ರಶ್ನೆಯ ಸಾಲುಗಳು ಹಿಂದುಮುಂದಾದರೆ ಚಾರ್ಟು ಕೈಕೊಡುತ್ತದೆ.

ಮೇಡಂ ಶುರು ಮಾಡುವ ರೀತಿಯೇ ಬೇರೆ. ಬೋರ್ಡಿನ ಮೇಲೆ ಮೂರು ಸಾಲು ಬರೆದರು.

ಎಲ್ಲಾ ರಸಬಾಳೆಯೂ ಬಾಳೆಹಣ್ಣು. ಕೆಲವು ಬಾಳೆಹಣ್ಣು ನಂಜನಗೂಡಿನವು. ತೀರ್ಮಾನ: ಕೆಲವು ರಸಬಾಳೆ ನಂಜನಗೂಡಿನವು.

ನಂಜನಗೂಡು ರಸಬಾಳೆ ಗೊತ್ತಿಲ್ಲದವರು ಈ ಕಡೆ ಯಾರಿದ್ದಾರೆ? ಇಡೀ ಕ್ಲಾಸು 'ಸರಿ' ಅಂತು. ಮೇಡಂ ಪಕ್ಕದಲ್ಲಿ ಇನ್ನೊಂದು ಬರೆದರು. ಎಲ್ಲಾ ಮಲ್ಲಿಗೆಯೂ ಕೆಂಪು. ಮೈಸೂರು ಮಲ್ಲಿಗೆ ಒಂದು ಮಲ್ಲಿಗೆ. ತೀರ್ಮಾನ: ಮೈಸೂರು ಮಲ್ಲಿಗೆ ಕೆಂಪು. ಎಲ್ಲರೂ ನಕ್ಕರು. "ನಗಬೇಡ್ರಪ್ಪಾ. ಇದು ಹೊರಡುತ್ತೆ. ರಸಬಾಳೆಯದು ಹೊರಡಲ್ಲ" ಅಂದರು. 'ಹೊರಡುತ್ತೆ' ಅಂದರೆ ಹೇಳಿಕೆಗಳಿಂದ ಆ ತೀರ್ಮಾನ ಬಂದೇ ಬರುತ್ತದೆ ಅಂತ.

ಆಮೇಲೆ ವೃತ್ತ ಬರೆದು ತೋರಿಸಿದರು. ಬಾಳೆಹಣ್ಣಿನ ದೊಡ್ಡ ವೃತ್ತದೊಳಗೆ ರಸಬಾಳೆಯ ಚಿಕ್ಕ ವೃತ್ತ. ನಂಜನಗೂಡಿನ ವೃತ್ತ ದೊಡ್ಡದನ್ನು ಮುಟ್ಟಲೇಬೇಕು, ಹೇಳಿಕೆ ಅಷ್ಟನ್ನು ಹೇಳಿದೆ. ಚಿಕ್ಕದನ್ನು ಮುಟ್ಟಬೇಕು ಅಂತ ಎಲ್ಲೂ ಹೇಳಿಲ್ಲ. ಮುಟ್ಟದ ಹಾಗೆ ಒಂದು ಚಿತ್ರ ಬರೆಯಲು ಆದರೆ ಸಾಕು, ತೀರ್ಮಾನ ಬಿತ್ತು. ಈ ಕ್ಲಾಸಿನ ಜೀವ ಇರುವುದೇ ಇಲ್ಲಿ. ತೀರ್ಮಾನವನ್ನು ಒಪ್ಪಿಕೊಳ್ಳಲು ಕಾರಣ ಹುಡುಕಬೇಡಿ, ಅದನ್ನು ಮುರಿಯಲು ನೋಡಿ ಅಂತ ಹೇಳಿಕೊಡುತ್ತಾರೆ. ಹೇಳಿಕೆ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಒಂದೇ ಒಂದು ಚಿತ್ರ ಸಿಕ್ಕರೆ ಅದು ಹೊರಡಲ್ಲ. ಎಷ್ಟು ಒದ್ದಾಡಿದರೂ ಸಿಗದಿದ್ದರೆ ಹೊರಡುತ್ತದೆ.

ನಮಗೆ ನಂಬಿಕೆಯಿರುವ ಮಾತು ಬಂದರೆ ತರ್ಕ ನೋಡದೆ ಒಪ್ಪಿಬಿಡುತ್ತೇವೆ. ಇದನ್ನು ಇವಾನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು 1983ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರಂತೆ, ಮೇಡಂ ಹೇಳಿದರು. ಪರೀಕ್ಷೆಯ ಸೂಚನೆಯಲ್ಲೂ ಬರೆದಿರುತ್ತದೆ: ಹೇಳಿಕೆಗಳು ಗೊತ್ತಿರುವ ಸಂಗತಿಗೆ ವಿರುದ್ಧವಾಗಿದ್ದರೂ ನಿಜ ಅಂತಲೇ ತಿಳಿಯಿರಿ ಅಂತ. ಆ ಸಾಲನ್ನು ಎಷ್ಟು ಜನ ಓದುತ್ತಾರೆ?

ರಸಬಾಳೆಯ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಇನ್ನೆರಡು ಪಾಠ ಮಾಡಿದರು. 'ಕೆಲವು ರಸಬಾಳೆ ನಂಜನಗೂಡಿನವು' ಒಂದು ತೀರ್ಮಾನ, 'ಯಾವ ರಸಬಾಳೆಯೂ ನಂಜನಗೂಡಿನದಲ್ಲ' ಇನ್ನೊಂದು. ಬಿಡಿಬಿಡಿಯಾಗಿ ಎರಡೂ ಹೊರಡಲ್ಲ. ಆದರೆ ಎರಡರಲ್ಲಿ ಒಂದು ನಿಜವಾಗಿರಲೇಬೇಕು, ಮೂರನೇ ದಾರಿ ಇಲ್ಲ. ಹಾಗಾಗಿ ಉತ್ತರ 'ಒಂದನೆಯದು ಇಲ್ಲವೇ ಎರಡನೆಯದು'. ಇನ್ನು 'ಎಲ್ಲಾ ರಸಬಾಳೆಯೂ ನಂಜನಗೂಡಿನವಾಗಿರುವ ಸಾಧ್ಯತೆ ಇದೆ' ಅಂತ ಕೊಟ್ಟರೆ? ಹೊರಡುತ್ತದೆ. ಬರೆಯಬಹುದಾದ ಎಲ್ಲಾ ಚಿತ್ರದಲ್ಲೂ ತೀರ್ಮಾನ ನಿಲ್ಲಬೇಕು. ಸಾಧ್ಯತೆಗೆ ಒಂದೇ ಚಿತ್ರ ಸಾಕು. ಇಷ್ಟು ಅರ್ಥವಾದ ಮೇಲೆ ಆ ಚಾರ್ಟನ್ನು ನಾನು ಮತ್ತೆ ತೆಗೆದಿಲ್ಲ.

ಕಾರ್ಡಿನ ಆಟ ಎಲ್ಲರಿಗೂ ಇಷ್ಟವಾಯಿತು. ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞರು 1966ರಲ್ಲಿ ಬರೆದದ್ದು ಅದು. ಮೇಡಂ ಕನ್ನಡ ಅಕ್ಷರ ಹಾಕಿ ಮಾಡಿದ್ದಾರೆ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು ಅನ್ನುವುದು ನಿಯಮ. ನಿಯಮ ನಿಜವಾ ಅಂತ ನೋಡಲು ಯಾವ ಕಾರ್ಡು ತಿರುಗಿಸಬೇಕು? ಬಹಳ ಜನ ಅ ಮತ್ತು 4 ಅಂತಾರೆ. ತಿರುಗಿಸಬೇಕಾದ್ದು ಅ ಮತ್ತು 7. 4ರ ಹಿಂದೆ ಸ್ವರ ಇದ್ದರೂ ವ್ಯಂಜನ ಇದ್ದರೂ ನಿಯಮಕ್ಕೆ ಧಕ್ಕೆ ಇಲ್ಲ. 7ರ ಹಿಂದೆ ಸ್ವರ ಸಿಕ್ಕರೆ ನಿಯಮ ಮುರಿಯುತ್ತದೆ.

ಅದರ ಬೆನ್ನಿಗೇ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದ ಉದಾಹರಣೆ ತಂದರು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದಾ? ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ ಅಂದರು, ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ನೂರಾರು ವರ್ಷದ ಹಿಂದೆ ನಮ್ಮವರು ಇದೇ ಪ್ರಶ್ನೆ ಹಾಕಿಕೊಂಡು ಇದೇ ಉತ್ತರ ಕಂಡಿದ್ದರು. ಕೇಳಿ ನನಗೆ ತುಂಬಾ ಸಂತೋಷವಾಯಿತು.

ಇದು ನನಗೆ ಡೇರಿಯಲ್ಲೂ ಉಪಯೋಗಕ್ಕೆ ಬಂತು. ಒಂದು ದಿನ ನಮ್ಮ ಬೀದಿಯ ಅಕ್ಕ ಒಬ್ಬರ ಹಾಲಿಗೆ ಲ್ಯಾಕ್ಟೋಮೀಟರ್ ರೀಡಿಂಗ್ ಕಡಿಮೆ ಬಂತು. ಸಾಲಿನಲ್ಲಿ ನಿಂತಿದ್ದವರ ಎದುರೇ "ನೀರು ಹಾಕಿದ್ದೀರ" ಅಂದುಬಿಟ್ಟರು ಹಾಲು ಅಳೆಯುವವರು. ಆಕೆ ಕಣ್ಣಲ್ಲಿ ನೀರು ತಂದುಕೊಂಡರು. ನೀರು ಬೆರೆಸಿದರೆ ರೀಡಿಂಗ್ ಇಳಿಯುತ್ತದೆ, ಅದು ನಿಜ. ಆದರೆ ರೀಡಿಂಗ್ ಇಳಿದಿದೆ ಅಂದಮಾತ್ರಕ್ಕೆ ನೀರೇ ಬೆರೆಸಿದ್ದಾರೆ ಅಂತ ಹೊರಡಲ್ಲ. ಹಾಲು ಬೆಚ್ಚಗಿದ್ದರೂ ಇಳಿಯುತ್ತದೆ, ಫ್ಯಾಟ್ ಜಾಸ್ತಿ ಇದ್ದರೂ ಇಳಿಯುತ್ತದೆ. ಆಕೆ ಕರೆದ ಹಾಲನ್ನು ಹಾಗೇ ತಂದಿದ್ದರು, ಇನ್ನೂ ಬಿಸಿ ಆರಿರಲಿಲ್ಲ. "ಅಣ್ಣಾ, ಆರಿಸಿ ಇನ್ನೊಂದು ಸಲ ನೋಡಿ" ಅಂದೆ. ನೋಡಿದರು. ರೀಡಿಂಗ್ ಸರಿಯಾಗಿ ಬಂತು. ಹಳ್ಳಿಯಲ್ಲಿ ಹಾಲಿಗೆ ನೀರು ಹಾಕಿದವರು ಅನ್ನಿಸಿಕೊಂಡರೆ ಆ ಮಾತು ಎಷ್ಟು ವರ್ಷ ಉಳಿಯುತ್ತದೆ ಅಂತ ಹಳ್ಳಿಯವರಿಗೆ ಗೊತ್ತು.

ವಾಕ್ಯದ ರೂಪದ ಪ್ರಶ್ನೆಗಳನ್ನೂ ಚೆನ್ನಾಗಿ ಹೇಳಿಕೊಡುತ್ತಾರೆ. 'ಭಾನುವಾರ ಮೃಗಾಲಯಕ್ಕೆ ಬೇರೆ ದಿನಗಳಿಗಿಂತ ಜಾಸ್ತಿ ಜನ ಬರುತ್ತಾರೆ' ಅನ್ನುವುದು ಹೇಳಿಕೆ ಅಂದುಕೊಳ್ಳಿ. 'ಸೋಮವಾರ ಬರುವ ಜನ ಭಾನುವಾರಕ್ಕಿಂತ ಕಡಿಮೆ', ಇದು ಹೊರಡುತ್ತದೆ. 'ರಜೆ ಇರುವುದರಿಂದ ಬರುತ್ತಾರೆ', ಇದು ನಾವು ಸೇರಿಸಿದ ಕಾರಣ. 'ಟಿಕೆಟ್ ಕೌಂಟರ್ ಹೆಚ್ಚಿಸಬೇಕು', ಇದು ಮಾಡಬೇಕಾದ ಕೆಲಸ, ತೀರ್ಮಾನವಲ್ಲ. ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಕಲಿತರೆ ಪೇಪರ್ ಓದುವಾಗಲೂ ಕಣ್ಣು ಚುರುಕಾಗುತ್ತದೆ.

ಕೊರತೆಗಳೂ ಇವೆ. ಮುಖ್ಯವಾದದ್ದು ವೇಗ. ಇಲ್ಲಿ ಒಂದು ಪ್ರಶ್ನೆಗೆ ಕಾಲು ಗಂಟೆ ಕೂರುತ್ತೇವೆ, ಪರೀಕ್ಷೆಯಲ್ಲಿ ಒಂದು ನಿಮಿಷವೂ ಸಿಗಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ, ಅಭ್ಯಾಸ ಹಾಳೆಯಲ್ಲಿ. ಅಣಕು ಪರೀಕ್ಷೆಯನ್ನು ಬೇರೆ ಕಡೆ ಬರೆಯಲೇಬೇಕು. ಎಷ್ಟೋ ಅಂಕಕ್ಕೆ ಬರುವ, ಯಾರು ಎಲ್ಲಿ ಕೂತಿದ್ದಾರೆ ಅಂತ ಹುಡುಕುವ ಸೀಟಿಂಗ್ ಅರೇಂಜ್‌ಮೆಂಟ್, ಪಜಲ್‌ಗಳನ್ನು ಮೇಡಂ ಮೇಲೆ ಮೇಲೆ ಮುಟ್ಟಿ ಬಿಡುತ್ತಾರೆ. ಅವರ ಕೈಬರಹದ ನೋಟ್ಸ್ ಅಂದವಾಗಿದೆ, ಆದರೆ ಜೆರಾಕ್ಸ್‌ನಿಂದ ಜೆರಾಕ್ಸ್ ಆಗಿ ಕೆಲವು ಪುಟದಲ್ಲಿ ವೃತ್ತದ ಗೆರೆಯೇ ಕಾಣಲ್ಲ. ಮೇಲೆ ಶೀಟಿನ ಮಾಡು, ಬೇಸಿಗೆಯಲ್ಲಿ ಹನ್ನೆರಡರ ಮೇಲೆ ಕೂರುವುದು ಕಷ್ಟ.

ಹದಿನೈದು ದಿನದಲ್ಲಿ ಪರೀಕ್ಷೆ ಇಟ್ಟುಕೊಂಡವರು ಇಲ್ಲಿಗೆ ಬರಬೇಡಿ, ಪ್ರಯೋಜನವಾಗಲ್ಲ. ಮೂರು ನಾಲ್ಕು ತಿಂಗಳು ಸಮಯ ಇರುವವರು, ಅದರಲ್ಲೂ ಕನ್ನಡದಲ್ಲಿ ಓದಿ ಬಂದವರು, ಖಂಡಿತ ಸೇರಿ. ಕೆಎಎಸ್‌ಗೆ ಓದುವ ಹುಡುಗರೂ ಬರುತ್ತಾರೆ. ಮಂಡ್ಯ ಕಡೆಯವರು ಬೆಳಗಿನ ರೈಲಿಗೆ ಬಂದರೆ ಆರಾಮಾಗಿ ತಲುಪಬಹುದು. ಮೊದಲ ಭಾನುವಾರ ದುಡ್ಡು ತಗೊಳ್ಳಲ್ಲ, ಸುಮ್ನೆ ಕೂತು ಕೇಳಬಹುದು. ಗೆರೆಯಿಲ್ಲದ ಬಿಳಿ ಹಾಳೆ, ಪೆನ್ಸಿಲ್, ರಬ್ಬರ್ ತಗೊಂಡು ಹೋಗಿ. ವೃತ್ತ ಬರೆದು ಅಳಿಸುವುದು ಜಾಸ್ತಿ ಇರುತ್ತದೆ.