ಮೋಡೆಮ್ ವಾಪಸ್ ಕೊಟ್ಟ ಮೇಲೂ ನಿಮ್ಮ ಹೆಸರಿನಲ್ಲೇ ಇರಬಹುದು, ನೋಡಿಕೊಳ್ಳಿ

ಅಮೆರಿಕದಲ್ಲಿ ಮನೆ ಬದಲಿಸುತ್ತಿರುವವರು ಇದನ್ನು ಓದಿ. ಕೇಬಲ್ ಕಂಪನಿಯ ಬಾಡಿಗೆ ಮೋಡೆಮನ್ನು ವಾಪಸ್ ಕೊಟ್ಟ ಮೇಲೂ ಅದು ನಿಮ್ಮ ಖಾತೆಯಲ್ಲೇ ಉಳಿದಿರಬಹುದು. ಮುಂದೆ ಅದನ್ನು ಯಾರು ಬಳಸುತ್ತಾರೋ ಅವರು ಮಾಡಿದ್ದೆಲ್ಲ ನಿಮ್ಮ ತಲೆಗೆ ಬರುತ್ತದೆ. ನಮಗೆ ಬಂತು, ಪೈರಸಿ ನೋಟೀಸಿನ ರೂಪದಲ್ಲಿ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಎಡಿಸನ್‌ನ ಅಪಾರ್ಟ್‌ಮೆಂಟ್ ಬಿಟ್ಟು ಪ್ಲೇನ್ಸ್‌ಬರೋಗೆ ಬಂದೆವು. ಕಂಪನಿ ಅದೇ, ಖಾತೆ ಅದೇ. ಹೊಸ ಮನೆಗೆ ಹೊಸ ಮೋಡೆಮ್ ಕೊಟ್ಟರು. ಹಳೆಯದನ್ನು ನನ್ನ ಗಂಡ ಕಂಪನಿಯ ಅಂಗಡಿಗೇ ಹೋಗಿ ಕೊಟ್ಟು, ರಸೀದಿ ತಂದರು. ಮುಂದಿನ ಬಿಲ್ಲಿನಲ್ಲಿ ಅದರ ಬಾಡಿಗೆಯೂ ನಿಂತಿತ್ತು. ಇನ್ನೇನು ಬೇಕು?

ಕೆಲವು ವಾರ ಕಳೆದ ಮೇಲೆ ಇಮೇಲ್ ಬಂತು. ನಿಮ್ಮ ಸಂಪರ್ಕದಿಂದ ಕಾಪಿರೈಟ್ ಉಲ್ಲಂಘನೆ ಆಗಿದೆ ಅಂತ. ಒಂದು ಇಂಗ್ಲಿಷ್ ಸೀರಿಯಲ್ಲಿನ ಕಂತು, ಫೈಲಿನ ಹೆಸರು, ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಪೋರ್ಟ್ ನಂಬರ್, ತಾರೀಖು, ಸಮಯ, ಎಲ್ಲ ಇತ್ತು. ಆ ಸೀರಿಯಲ್ಲಿನ ಹೆಸರೇ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೆಳಗೆ ಕಾನೂನಿನ ಮಾತು: ಒಂದು ಕೃತಿಗೆ 750 ಡಾಲರಿನಿಂದ 30,000 ಡಾಲರಿನವರೆಗೆ ಪರಿಹಾರ, ಬೇಕಂತಲೇ ಮಾಡಿದ್ದರೆ 1,50,000 ಡಾಲರಿನವರೆಗೆ. ಈ ಅಂಕಿ ನಿಜ, ಕಾನೂನಿನಲ್ಲಿ ಹಾಗೇ ಇದೆ. ಆದರೆ ಅದನ್ನು ಕೋರ್ಟು ಹೇಳಬೇಕು, ಇಮೇಲ್ ಅಲ್ಲ.

ಮನೆಯಲ್ಲಿ ಆಗ ದಾವಣಗೆರೆಯಿಂದ ನಮ್ಮ ಅತ್ತೆ, ಮಾವ ಬಂದಿದ್ದರು. ಮಾವನವರು ಟ್ಯಾಬಿನಲ್ಲಿ ಯೂಟ್ಯೂಬ್ ಹಾಕಿಕೊಂಡು ಕನ್ನಡ ನ್ಯೂಸು, ಹರಿಕಥೆ ನೋಡುತ್ತಿದ್ದರು. ನಾವು ಗಂಡ ಹೆಂಡತಿ ನೋಟೀಸಿನ ಬಗ್ಗೆ ಮಾತಾಡಿದ್ದು ಕಿವಿಗೆ ಬಿತ್ತು. "ಏನಮ್ಮಾ, ನಾನು ಕೈ ತಪ್ಪಿ ಏನಾದ್ರೂ ಒತ್ತಿಬಿಟ್ಟೆನಾ?" ಅಂದರು. ಇಲ್ಲ ಮಾವ, ನಿಮ್ಮದೇನೂ ಇಲ್ಲ ಅಂದೆ. ನಂಬಲಿಲ್ಲ. ಮರುದಿನದಿಂದ ಟ್ಯಾಬ್ ಮುಟ್ಟಲಿಲ್ಲ. ಈ ಕಂಪನಿಯ ಮೇಲೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೇ.

ಯೂಟ್ಯೂಬ್ ನೋಡಿದ್ದಕ್ಕೆ ಇಂಥ ನೋಟೀಸ್ ಬರುವುದಿಲ್ಲ. ಬರುವುದು ಹೆಚ್ಚಾಗಿ ಟೊರೆಂಟಿಗೆ. ಟೊರೆಂಟಿನಲ್ಲಿ ಫೈಲ್ ಇಳಿಸಿಕೊಳ್ಳುವಾಗಲೇ ಅದರ ತುಂಡುಗಳು ನಿಮ್ಮಿಂದ ಬೇರೆಯವರಿಗೂ ಹೋಗುತ್ತಿರುತ್ತವೆ. ಆ ಗುಂಪಿನಲ್ಲಿರುವ ಎಲ್ಲರ ಐಪಿ ವಿಳಾಸ ಎಲ್ಲರಿಗೂ ಕಾಣುತ್ತದೆ. ಚಿತ್ರಸಂಸ್ಥೆಗಳು ನೇಮಿಸಿದ ಕಂಪನಿಗಳು ಅಲ್ಲಿ ಸೇರಿಕೊಂಡು ವಿಳಾಸ, ಸಮಯ ಬರೆದುಕೊಳ್ಳುತ್ತವೆ. ಆ ವಿಳಾಸ ಯಾವ ಇಂಟರ್ನೆಟ್ ಕಂಪನಿಯದೋ ಅದಕ್ಕೆ ದೂರು ಕಳಿಸುತ್ತವೆ. ಇಂಟರ್ನೆಟ್ ಕಂಪನಿ ತನ್ನ ದಾಖಲೆ ನೋಡಿ, ಆ ಹೊತ್ತಿನಲ್ಲಿ ಆ ವಿಳಾಸ ಯಾವ ಮೋಡೆಮಿಗೆ ಕೊಟ್ಟಿತ್ತು, ಆ ಮೋಡೆಮ್ ಯಾರ ಖಾತೆಯಲ್ಲಿದೆ ಅಂತ ಹುಡುಕಿ ಕಾಗದ ಹಾಕುತ್ತದೆ. ಮನುಷ್ಯರ್ಯಾರೂ ನಡುವೆ ಕೂತು ಯೋಚನೆ ಮಾಡುವುದಿಲ್ಲ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಏನೂ ಡೌನ್‌ಲೋಡ್ ಮಾಡದ ಪ್ರಿಂಟರುಗಳ ಹೆಸರಿಗೆ ನೋಟೀಸ್ ಬರುವ ಹಾಗೆ ಮಾಡಿ ತೋರಿಸಿದರು. ಪ್ರಿಂಟರಿಗೆ ಬಂದಿದ್ದು ನಮಗೆ ಬರುವುದರಲ್ಲಿ ಆಶ್ಚರ್ಯ ಏನಿದೆ?

ಸಮಯದ ವಿಷಯದಲ್ಲಿ ಹುಷಾರು. ನಮ್ಮ ನೋಟೀಸಿನಲ್ಲಿ ರಾತ್ರಿ 2 ಗಂಟೆ ದಾಟಿದ ಹೊತ್ತು ಇತ್ತು. "ಎಲ್ಲರೂ ಮಲಗಿದ್ದೆವು" ಅಂತ ಫೋನಿನಲ್ಲಿ ವಾದಕ್ಕಿಳಿಯಬೇಡಿ. ಪಕ್ಕದಲ್ಲಿ ಯುಟಿಸಿ ಅಂತ ಇರುತ್ತದೆ, ಅದು ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಇಲ್ಲಿನ ಸಮಯ ಅಲ್ಲ. ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ನಾಲ್ಕು ಗಂಟೆ, ಚಳಿಗಾಲದಲ್ಲಿ ಐದು ಗಂಟೆ ಕಳೆಯಬೇಕು. ಅಂದರೆ ಹಿಂದಿನ ದಿನ ರಾತ್ರಿ 10 ಇಲ್ಲವೇ 9 ಗಂಟೆ, ಎಲ್ಲರೂ ಎಚ್ಚರ ಇರುವ ಹೊತ್ತು. ಹಾಗೇ ನೋಟೀಸಿನ ಐಪಿ ವಿಳಾಸ ನಿಮ್ಮ ಈಗಿನ ವಿಳಾಸಕ್ಕೆ ಹೊಂದದಿದ್ದರೂ ಅದೊಂದೇ ಸಾಕ್ಷಿ ಆಗುವುದಿಲ್ಲ. ವಿಳಾಸ ಬದಲಾಗುತ್ತಾ ಇರುತ್ತದೆ.

ನಮಗೆ ಸುಳಿವು ಸಿಕ್ಕಿದ್ದು ಕಂಪನಿಯ ಆ್ಯಪಿನಲ್ಲಿ. ಖಾತೆಯ ಉಪಕರಣಗಳ ಪಟ್ಟಿ ತೆಗೆದರೆ ಎರಡು ಮೋಡೆಮ್! ಒಂದರ ಸೀರಿಯಲ್ ನಂಬರ್ ಮನೆಯಲ್ಲಿದ್ದ ಡಬ್ಬಿಯ ಹಿಂದಿನ ಚೀಟಿಗೆ ಸರಿಹೋಯಿತು. ಇನ್ನೊಂದು ಎಡಿಸನ್ನಿನಲ್ಲಿದ್ದ ಹಳೆಯದು, ನಾವು ಕೊಟ್ಟು ಬಂದಿದ್ದು. ಬಿಲ್ಲಿಂಗಿನವರು ತಮ್ಮ ಲೆಕ್ಕದಲ್ಲಿ ಅದನ್ನು ತೆಗೆದಿದ್ದರು. ನೆಟ್‌ವರ್ಕಿನ ಕಡೆ ತೆಗೆದಿರಲಿಲ್ಲ. ಅಷ್ಟರಲ್ಲಿ ಅದು ಇನ್ನೊಬ್ಬರ ಮನೆ ಸೇರಿತ್ತು. ಮಾರಿದ ಸ್ಕೂಟರ್ ಆರ್‌ಟಿಒ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲೇ ಇದ್ದು, ಯಾರೋ ಸಿಗ್ನಲ್ ಹಾರಿಸಿದ್ದಕ್ಕೆ ದಂಡದ ಚೀಟಿ ನಿಮ್ಮ ಮನೆಗೆ ಬಂದ ಹಾಗೆ.

ಇದು ಗೊತ್ತಾದ ಮೇಲೆ ಕೆಲಸ ಸುಲಭ ಅಂದುಕೊಂಡಿರಾ? ಗ್ರಾಹಕ ಸೇವೆಯವರು "ನಿಮ್ಮ ವೈಫೈ ಪಾಸ್‌ವರ್ಡ್ ಬದಲಿಸಿ" ಅಂತ ಒಂದೇ ರಾಗ ಹಾಡಿದರು. ಅವರಿಂದ ಏನೂ ಆಗುವುದಿಲ್ಲ. ನೋಟೀಸಿನಲ್ಲಿರುವ ದೂರಿನ ನಂಬರ್ ಹಿಡಿದು, ಇಂಥ ದೂರುಗಳನ್ನು ನೋಡುವ ವಿಭಾಗವನ್ನೇ ಕೇಳಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಆ ಐಪಿ ವಿಳಾಸ ಯಾವ ಮೋಡೆಮಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಮೋಡೆಮಿಗೂ ಇರುವ ಅದರದೇ ಗುರುತಿನ ಸಂಖ್ಯೆಗೆ) ಹೋಗಿತ್ತು? ಕೊನೆಗೆ ಒಬ್ಬಾಕೆ ದಾಖಲೆ ನೋಡಿ ಕೊನೆಯ ನಾಲ್ಕು ಅಕ್ಷರ ಓದಿದರು. ಹಳೆಯ ಮೋಡೆಮಿನದೇ. ರಸೀದಿಯ ತಾರೀಖು ನೋಟೀಸಿನ ತಾರೀಖಿಗಿಂತ ಹಿಂದಿನದು. ತಪ್ಪು ಯಾರದು ಅಂತ ಆಕೆಗೂ ಗೊತ್ತಾಯಿತು. ಆದರೆ ಬರಹದಲ್ಲಿ ಕೊಡಿ ಅಂದರೆ ಆಗಲ್ಲ ಅಂದರು. ಅಷ್ಟರಲ್ಲಿ ಎರಡನೆಯ ನೋಟೀಸೂ ಬಂತು.

ಆಗ ನಾವು ಎಫ್‌ಸಿಸಿಗೆ, ಅಂದರೆ ಫೋನು, ಕೇಬಲ್, ಇಂಟರ್ನೆಟ್ ಕಂಪನಿಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆಗೆ, ದೂರು ಕೊಟ್ಟೆವು. ದುಡ್ಡು ಬೇಡ, ವಕೀಲರು ಬೇಡ, ಆನ್‌ಲೈನಿನಲ್ಲೇ ಆಗುತ್ತದೆ. ಕಂಪನಿ 30 ದಿನದೊಳಗೆ ಉತ್ತರ ಕೊಡಬೇಕು. ಕೊಟ್ಟರು. ಫೋನು ಮಾಡಿದ ಮನುಷ್ಯನ ದನಿಯಲ್ಲೇ ಬೇರೆ ಮರ್ಯಾದೆ. ಹಳೆಯ ಮೋಡೆಮ್ ಖಾತೆಯಿಂದ ಹೋಯಿತು, ಎರಡೂ ನೋಟೀಸ್ ನಮ್ಮ ಲೆಕ್ಕದಿಂದ ತೆಗೆದದ್ದಕ್ಕೆ ಪತ್ರವೂ ಬಂತು.

ನಡುವೆ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ. "ಸುಮ್ನೆ ಬಿಡಿ, ಎಲ್ಲರಿಗೂ ಬರುತ್ತೆ" ಅಂದವರೇ ಜಾಸ್ತಿ. ನಿಜವಾಗಿ ಡೌನ್‌ಲೋಡ್ ಮಾಡಿದವರ ಧೈರ್ಯ ಅದು! ಗ್ರಾಹಕರ ಪೈರಸಿಗೆ ತಾವು ಹೊಣೆಯಾಗದಂತೆ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ರಕ್ಷಣೆ ಬೇಕಿದ್ದರೆ ಇಂಟರ್ನೆಟ್ ಕಂಪನಿಗಳು ಮತ್ತೆ ಮತ್ತೆ ತಪ್ಪು ಮಾಡುವವರ ಸಂಪರ್ಕ ಕಡಿಯುವ ನಿಯಮ ಇಟ್ಟುಕೊಂಡಿರಬೇಕು. 2019ರಲ್ಲಿ ವರ್ಜೀನಿಯಾದ ಜ್ಯೂರಿ ಹಾಗೆ ಕಡಿಯಲಿಲ್ಲ ಅಂತ ಒಂದು ಕೇಬಲ್ ಕಂಪನಿಗೆ ನೂರು ಕೋಟಿ ಡಾಲರ್ ಪರಿಹಾರ ಹೊರಿಸಿತ್ತು. 2024ರಲ್ಲಿ ಮೇಲಿನ ಕೋರ್ಟು ಆ ಮೊತ್ತವನ್ನು ರದ್ದು ಮಾಡಿತು. ಆದರೂ ಕಂಪನಿಗಳಿಗೆ ಆಗ ಹುಟ್ಟಿದ ಭಯ ಸಣ್ಣದಾಗಿರಲಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ನೆಟ್ ಹೋದರೆ ಗತಿ ಏನು? ಸುಳ್ಳು ನೋಟೀಸನ್ನು ಸುಮ್ಮನೆ ಹಾಗೇ ಬಿಟ್ಟರೆ ಅದೂ ನಿಮ್ಮ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಬ್ಬರು "ಕೌಂಟರ್ ನೋಟೀಸ್ ಕಳಿಸಿ" ಅಂದರು. ಅದು ನೀವು ಹಾಕಿದ ವಿಡಿಯೋ, ಬರಹವನ್ನು ದೂರಿನ ಮೇಲೆ ತೆಗೆದುಹಾಕಿದಾಗ ಬಳಸುವ ದಾರಿ. ಇಲ್ಲಿ ಏನನ್ನೂ ತೆಗೆದಿಲ್ಲ. ಅದರಲ್ಲಿ ಹೆಸರು, ವಿಳಾಸ ಬೇರೆ ಬರೆದುಕೊಡಬೇಕು. ದೂರು ಕೊಟ್ಟವರಿಗೆ ನಿಮ್ಮ ಹೆಸರು ಇನ್ನೂ ಗೊತ್ತಿರುವುದಿಲ್ಲ, ಅವರ ಕೈಯಲ್ಲಿರುವುದು ಐಪಿ ವಿಳಾಸ ಅಷ್ಟೇ. ಹೆಸರು ಬೇಕೆಂದರೆ ಅವರು ಕೋರ್ಟಿಗೆ ಹೋಗಬೇಕು. ನೀವಾಗಿಯೇ ಹೋಗಿ ಕೊಡುವುದೇಕೆ? ಕೆಲವು ನೋಟೀಸುಗಳಲ್ಲಿ ಇಷ್ಟು ಡಾಲರ್ ಕಟ್ಟಿದರೆ ಮುಗಿಯಿತು ಅಂತ ಲಿಂಕ್ ಇರುತ್ತದೆ. ಮುಟ್ಟಬೇಡಿ. ಅಸಲಿ ನೋಟೀಸಿನ ವೇಷದಲ್ಲಿ ಮೋಸದ ಮೇಲ್‌ಗಳೂ ಬರುತ್ತವೆ. ಇಮೇಲಿನಲ್ಲಿರುವ ಲಿಂಕ್ ಒತ್ತದೆ ಕಂಪನಿಯ ಖಾತೆಗೆ ನೀವೇ ಲಾಗಿನ್ ಆಗಿ ನೋಡಿ.

ವೀಸಾದಲ್ಲಿರುವವರ ಮೊದಲ ಪ್ರಶ್ನೆ ಗ್ರೀನ್ ಕಾರ್ಡಿನದು. ನನ್ನ ಗಂಡನದೂ ಅದೇ. ನೋಟೀಸ್ ಬಂದ ಮಾತ್ರಕ್ಕೆ ಕೇಸ್ ಆಗಿರುವುದಿಲ್ಲ, ಕೋರ್ಟಿನಲ್ಲಿ ಏನೂ ದಾಖಲಾಗಿರುವುದಿಲ್ಲ. ಕೋರ್ಟಿನ ಹೆಸರು, ಕೇಸ್ ನಂಬರ್ ಇರುವ ಕಾಗದ ಬಂದರೆ ಮಾತ್ರ ಆ ದಿನವೇ ವಕೀಲರನ್ನು ನೋಡಿ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಕಾಗದ ನೇರವಾಗಿ ವಕೀಲರಿಂದಲೇ ಬರುತ್ತದೆ, ಗಡುವು ಇರುತ್ತದೆ, ಸಹಿ ಮಾಡುವ ಮುಂಚೆ ನಿಮ್ಮ ವಕೀಲರಿಗೆ ತೋರಿಸಲೇಬೇಕು.

ಮೋಡೆಮ್ ಕೊಡಲು ಹೋಗುವ ಮುಂಚೆ ಅದರ ಹಿಂದಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸ ಎರಡೂ ಕಾಣಬೇಕು. ರಸೀದಿಯಲ್ಲಿ ಸೀರಿಯಲ್ ನಂಬರ್ ಬರದಿದ್ದರೆ ಕೌಂಟರ್ ಬಿಟ್ಟು ಕದಲಬೇಡಿ. ಒಂದೆರಡು ದಿನ ಬಿಟ್ಟು ಆ್ಯಪಿನ ಪಟ್ಟಿಯಲ್ಲಿ ಅದು ಹೋಗಿದೆಯಾ ನೋಡಿ. ಸ್ವಂತ ಮೋಡೆಮನ್ನು ಯಾರಿಗಾದರೂ ಮಾರುವವರೂ ಅಷ್ಟೇ. ಮೊದಲು ಕಂಪನಿಗೆ ಫೋನು ಮಾಡಿ ಖಾತೆಯಿಂದ ತೆಗೆಸಿ, ಆಮೇಲೆ ದುಡ್ಡು ಎಣಿಸಿಕೊಳ್ಳಿ.